ಕೋಡಿಯಮಠದ ಅಡುಗೆಮನೆ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಹೋದವರು ಕೇದಾರೇಶ್ವರ ಗುಡಿಯ ಶಿಖರಗಳನ್ನು ಕತ್ತೆತ್ತಿ ನೋಡಿ, ಒಂದು ಸುತ್ತು ಬಂದು, ಕೈಮುಗಿದು ಹೊರಡುತ್ತಾರೆ. ಅದು ತ್ರಿಕೂಟ. ಪಶ್ಚಿಮ ಮತ್ತು ದಕ್ಷಿಣದ ಗರ್ಭಗುಡಿಗಳಲ್ಲಿ ಲಿಂಗ, ಉತ್ತರದಲ್ಲಿ ವಿಷ್ಣು. ಮೂರಕ್ಕೂ ಒಂದೇ ಮಂಟಪ.

ನನ್ನ ಕಣ್ಣು ಹುಡುಕಿದ್ದು ಮಾತ್ರ ಈಗ ಅಲ್ಲಿಲ್ಲದ ಕಟ್ಟಡವನ್ನು. ಈ ಗುಡಿಗೆ ಸೇರಿದಂತೆ ಕಾಳಾಮುಖ ಶೈವರ ದೊಡ್ಡ ಮಠವೊಂದಿತ್ತು. ಕೆರೆಯ ಕೋಡಿಯ ಹತ್ತಿರವಿದ್ದುದರಿಂದ ಅದಕ್ಕೆ ಕೋಡಿಯಮಠವೆಂದೇ ಹೆಸರು. ಬಸವಣ್ಣನವರ ಕಾಲದಲ್ಲಿ ಕಲ್ಯಾಣವನ್ನಾಳಿದ ಬಿಜ್ಜಳನ ದಾನವನ್ನು ಹೇಳುವ 1162ರ ಶಾಸನ ಈ ಮಠವನ್ನು ಬಾಯ್ತುಂಬ ಹೊಗಳುತ್ತದೆ. ಅಲ್ಲಿ ನಾಲ್ಕು ವೇದಗಳ ಪಾಠ ನಡೆಯುತ್ತಿತ್ತು. ಪಾಣಿನಿಯದಲ್ಲದೆ ಬೇರೆ ವ್ಯಾಕರಣಗಳನ್ನೂ ಕಲಿಸುತ್ತಿದ್ದರು. ನ್ಯಾಯ, ಸಾಂಖ್ಯಗಳ ಜೊತೆಗೆ ಬೌದ್ಧ ದರ್ಶನಕ್ಕೂ, ಪುರಾಣ, ಕಾವ್ಯ, ನಾಟಕಗಳಿಗೂ ಜಾಗವಿತ್ತು.

ಇಷ್ಟನ್ನು ನಮ್ಮ ಪಠ್ಯಪುಸ್ತಕಗಳೂ ಹೇಳಿಯಾವು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಮುಂದಿನ ಮಾತು. ಬಡವರಿಗೆ, ದಿಕ್ಕಿಲ್ಲದವರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಹಾಡುವವರಿಗೆ, ವಾದ್ಯ ನುಡಿಸುವವರಿಗೆ, ಬೇರೆ ಬೇರೆ ಮತದ ಸನ್ಯಾಸಿಗಳಿಗೆ ಅಲ್ಲಿ ಊಟವಿತ್ತು. ರೋಗಿಗಳಿಗೆ ಮದ್ದಿತ್ತು. ಎಲ್ಲ ಜೀವಿಗಳಿಗೂ ಅದು ಅಭಯದ ಸ್ಥಾನವಾಗಿತ್ತು.

ಇಷ್ಟು ಜನರಿಗೆ ಅನ್ನವಿಡಬೇಕಾದರೆ ಆ ಅಡುಗೆಮನೆ ಎಷ್ಟು ದೊಡ್ಡದಿದ್ದೀತು? ಒಲೆಗಳೆಷ್ಟು, ಕಡಾಯಿಗಳೆಷ್ಟು? ಬತ್ತ ಕುಟ್ಟಿದವರು, ಸೌದೆ ಒಟ್ಟಿದವರು, ನೀರು ಹೊತ್ತವರು ಯಾರು? ಮನೆಗೆ ನಾಲ್ಕು ಜನ ನೆಂಟರು ಬಂದರೇ ಅಕ್ಕಿ ಅಳೆದು ನೋಡುವ ನಮ್ಮಂಥವರಿಗೆ ಹುಟ್ಟುವ ಪ್ರಶ್ನೆಗಳಿವು.

ದೂರದ ಬಿಹಾರದ ನಾಳಂದದಲ್ಲಿ ವಿಹಾರಗಳನ್ನು ಇಟ್ಟಿಗೆಯಿಂದ ಕಟ್ಟಿದ್ದರು. 1915ರಿಂದ ಸುಮಾರು ಇಪ್ಪತ್ತು ವರ್ಷ ಅಗೆದಾಗ ಭಿಕ್ಷುಗಳ ಕೋಣೆಗಳು, ಬಾವಿ, ಚರಂಡಿಗಳು ಸಿಕ್ಕವು. ಒಂದು ವಿಹಾರದ ಅಂಗಳದಲ್ಲಂತೂ ಒಲೆಗಳ ಸಾಲೇ ಇತ್ತು. ಕೋಡಿಯಮಠದ ಕಥೆ ಬೇರೆ. ಇಲ್ಲಿ ದೇವರಿಗೆ ಕಟ್ಟಿದ ಕಲ್ಲಿನ ಮನೆ ನಿಂತಿದೆ. ಮನುಷ್ಯರು ಓದಿದ, ಉಂಡ, ನರಳಿ ಗುಣವಾದ ಮನೆಯನ್ನು ಶಾಸನದ ಅಕ್ಷರಗಳಲ್ಲೇ ಕಾಣಬೇಕು.

ಹಾಗೆಂದು ಅದು ಕಡಿಮೆಯದಲ್ಲ. ಒಂದು ಊರಿನ ಹಿರಿಮೆಯನ್ನು ಹೇಳಬೇಕಾದಾಗ ಆ ಕವಿ ಪಂಡಿತರ ವಾದವನ್ನು ಹೇಳಿದಂತೆಯೇ ಕುರುಡನ ತಟ್ಟೆಯನ್ನೂ ಮರೆಯದೆ ಹೇಳಿದನಲ್ಲ! ಬಳ್ಳಿಗಾವಿಗೆ ಹೋದಾಗ ಶಿಖರವನ್ನು ನೋಡಿ, ಖಂಡಿತ ನೋಡಿ. ಆಮೇಲೆ ಗುಡಿಯ ಪಕ್ಕದ ಬಯಲಲ್ಲೂ ಒಂದು ಗಳಿಗೆ ನಿಲ್ಲಿ. ಸಾಲಾಗಿ ಕೂತ ಪಂಕ್ತಿಯೊಂದು ಅಲ್ಲೆಲ್ಲೋ ಇತ್ತು.