ನೇರಳೆ ಕೋಣೆಯಲ್ಲಿ ಹುಟ್ಟಿದವರು

ಪಾರ್ಫಿರೊಜೆನಿಚರ್. ಇಂಗ್ಲಿಷಿನ ಈ ಅಪರೂಪದ ಪದವನ್ನು ಒಂದೇ ಉಸಿರಿಗೆ ಹೇಳಹೊರಟರೆ ನಾಲಿಗೆ ತೊಡರುವುದು ಸಹಜ. ಬಿಡಿಸಿಕೊಂಡರೆ ಸುಲಭ: ಪಾರ್-ಫಿ-ರೊ-ಜೆ-ನಿ-ಚರ್. ಒಟ್ಟು ಆರು ಉಚ್ಚಾರಾಂಶಗಳು. ಮುಖ್ಯ ಒತ್ತು ನಾಲ್ಕನೆಯದಾದ 'ಜೆ' ಮೇಲೆ. ಕನ್ನಡ ಬರಹದಲ್ಲಿ ರಕಾರವು ಅರ್ಕಾವತ್ತಾಗಿ 'ಫಿ' ಪಕ್ಕಕ್ಕೆ ಹೋಗಿ ಕೂತರೂ ನುಡಿಯುವಾಗ ಅದು 'ಪಾ' ಜೊತೆಗೇ ಸೇರಬೇಕು.

ತಂದೆ ಪಟ್ಟವೇರಿದ ಮೇಲೆ ಹುಟ್ಟಿದ ಮಗನಿಗೆ, ಅದಕ್ಕೂ ಮೊದಲು ಹುಟ್ಟಿದ ಅಣ್ಣಂದಿರಿಗಿಂತ ಹೆಚ್ಚಿನ ಹಕ್ಕು ಎಂಬುದು ಈ ಪದದ ಅರ್ಥ. ಇದರ ಮೂಲದಲ್ಲಿರುವ ಗ್ರೀಕ್ ಮಾತು ನೇರಳೆ ಬಣ್ಣವನ್ನು ಹೇಳುತ್ತದೆ. ಕಡಲ ಬಸವನಹುಳುವಿನಿಂದ ತೆಗೆಯುತ್ತಿದ್ದ ಆ ದುಬಾರಿ ಬಣ್ಣ ರಾಜವೈಭವದ ಗುರುತಾಗಿತ್ತು. ಪ್ರಾಚೀನ ಗ್ರೀಕರು ಅದರಲ್ಲಿನ 'ಫ'ಕಾರವನ್ನು ನಮ್ಮ 'ಫಲ'ದಲ್ಲಿರುವಂತೆ ಮಹಾಪ್ರಾಣವಾಗಿಯೇ ನುಡಿಯುತ್ತಿದ್ದರು. ಇಂಗ್ಲಿಷಿನಲ್ಲಿ ಅದು 'ಫ್ಯಾನ್' ಪದದ ಸದ್ದಾಗಿದೆ.

ಕಾನ್‌ಸ್ಟಾಂಟಿನೋಪಲ್ ಅರಮನೆಯಲ್ಲಿ ನೇರಳೆ ಕಲ್ಲಿನ ಒಂದು ಕೋಣೆಯಿತ್ತು. ಸಾಮ್ರಾಜ್ಞಿಯರ ಹೆರಿಗೆ ನಡೆಯುತ್ತಿದ್ದುದು ಅಲ್ಲಿ. 1083ರಲ್ಲಿ ಹುಟ್ಟಿದ ರಾಜಕುಮಾರಿ, ಇತಿಹಾಸಕಾರ್ತಿ ಅನ್ನಾ ಕೊಮ್ನೆನೆ ಆ ಕೋಣೆಯನ್ನು ವರ್ಣಿಸಿದ್ದಾಳೆ. ಅಲ್ಲಿ ಹುಟ್ಟಿದ ಮಕ್ಕಳಿಗೆ 'ನೇರಳೆಯಲ್ಲಿ ಜನಿಸಿದವರು' ಎಂಬ ಬಿರುದು.

ಈ ಬಿರುದು ಬರಿಯ ಅಲಂಕಾರವಾಗಿರಲಿಲ್ಲ. 905ರಲ್ಲಿ ಏಳನೆಯ ಕಾನ್‌ಸ್ಟಂಟೈನ್ ಹುಟ್ಟಿದಾಗ ಅವನ ತಂದೆತಾಯಿಗೆ ಮದುವೆಯೇ ಆಗಿರಲಿಲ್ಲ. ಮರುವರ್ಷ ಆದ ಮದುವೆ ತಂದೆ ಆರನೆಯ ಲಿಯೋನಿಗೆ ನಾಲ್ಕನೆಯದು. ಚರ್ಚು ಅದನ್ನು ಒಪ್ಪಲಿಲ್ಲ. ಹಕ್ಕಿನ ಬಗ್ಗೆ ಸಂಶಯ ಎದ್ದಿದ್ದ ಆ ಮಗುವಿಗೆ ನೇರಳೆ ಕೋಣೆಯ ಜನ್ಮವೇ ಆಸರೆಯಾಯಿತು.

ಇಂಥದೇ ವಾದ ಇಂಗ್ಲೆಂಡಿನಲ್ಲೂ ಕೇಳಿಬಂತು. ವಿಲಿಯಂ 1066ರಲ್ಲಿ ಇಂಗ್ಲೆಂಡನ್ನು ಗೆದ್ದ ಮೇಲೆ ಹುಟ್ಟಿದವನು ಕಿರಿಯ ಮಗ ಹೆನ್ರಿ. 1100ರಲ್ಲಿ ನಡುವಿನ ಅಣ್ಣ, ದೊರೆ ಎರಡನೆಯ ವಿಲಿಯಂ ಬೇಟೆಯಲ್ಲಿ ಸತ್ತ. ಹಿರಿಯಣ್ಣ ರಾಬರ್ಟ್ ಧರ್ಮಯುದ್ಧ ಮುಗಿಸಿ ಇನ್ನೂ ದಾರಿಯಲ್ಲಿದ್ದ. ಮೂರೇ ದಿನದಲ್ಲಿ ಹೆನ್ರಿ ಕಿರೀಟ ಧರಿಸಿದ. ರಾಬರ್ಟ್ ಹುಟ್ಟಿದ್ದು ಡ್ಯೂಕನ ಮಗನಾಗಿ, ತಾನು ಹುಟ್ಟಿದ್ದು ದೊರೆಯ ಮಗನಾಗಿ ಎಂಬುದು ಅವನ ಪರವಾದ ಸಮರ್ಥನೆ.

ವಾದ ಅಣ್ಣನನ್ನು ಒಪ್ಪಿಸಲಿಲ್ಲ. 1106ರ ಟಿನ್‌ಷೆಬ್ರೆ ಕಾಳಗದಲ್ಲಿ ಸೆರೆಸಿಕ್ಕ ರಾಬರ್ಟ್, 1134ರಲ್ಲಿ ಸಾಯುವವರೆಗೆ 27 ವರ್ಷಕ್ಕೂ ಹೆಚ್ಚು ಕಾಲ ತಮ್ಮನ ಬಂದಿಯಾಗಿಯೇ ಉಳಿದ.