ಹಳೆಯ ನಾಣ್ಯದ ನ್ಯಾಯಬೆಲೆ: ಎರಡು ನಿಧಿಗಳು, ಎರಡು ಕಾಯ್ದೆಗಳು

ಬೆಂಗಳೂರಿನ ದಂಡು ಪ್ರದೇಶದಿಂದ ಪೂರ್ವಕ್ಕೆ, ಹಲಸೂರು ಮತ್ತು ಇಂದಿರಾನಗರಗಳನ್ನು ದಾಟಿದರೆ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯ ವಿಶಾಲವಾದ ಆವರಣ ಎದುರಾಗುತ್ತದೆ. 1940ರ ಡಿಸೆಂಬರಿನಲ್ಲಿ ಮೈಸೂರು ಸಂಸ್ಥಾನದ ಸಹಕಾರದೊಡನೆ ಈ ಕಾರ್ಖಾನೆಯನ್ನು ಆರಂಭಿಸಿದವರು ಸೊಲ್ಲಾಪುರದ ಜೈನ ಮನೆತನದಲ್ಲಿ ಹುಟ್ಟಿದ ಉದ್ಯಮಿ ವಾಲಚಂದ್ ಹೀರಾಚಂದ್ ಅವರು. ಲೋಹದ ಹಕ್ಕಿಗಳಿಗೆ ರೆಕ್ಕೆ ಕಟ್ಟುವ ಈ ನೆಲ ಅದಕ್ಕಿಂತ ಬಹು ಹಳೆಯದಾದ ಲೋಹವನ್ನೂ ತನ್ನ ಒಡಲಲ್ಲಿ ಇರಿಸಿಕೊಂಡಿತ್ತು. 1965ರಲ್ಲಿ ಇಲ್ಲಿನ ವಿಮಾನ ನಿಲ್ದಾಣದ ಪರಿಸರದಲ್ಲಿ 256 ರೋಮನ್ ಬೆಳ್ಳಿ ನಾಣ್ಯಗಳು ದೊರೆತವು.

ಬೆಂಗಳೂರಿಗೆ ಇದು ಮೊದಲ ಅನುಭವವಾಗಿರಲಿಲ್ಲ. ಊರಿನ ಇನ್ನೊಂದು ಅಂಚಿನಲ್ಲಿರುವ ಯಶವಂತಪುರದಲ್ಲಿ 1891ರಲ್ಲಿ ರೈಲು ಹಾದಿಗಾಗಿ ನೆಲ ಅಗೆಯುತ್ತಿದ್ದಾಗ ಇಂತಹವೇ 163 ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು. ಅವು ಆಗಸ್ಟಸ್, ಟೈಬೀರಿಯಸ್, ಕ್ಯಾಲಿಗುಲ ಮತ್ತು ಕ್ಲಾಡಿಯಸ್ ಎಂಬ ರೋಮನ್ ಚಕ್ರವರ್ತಿಗಳ ಕಾಲದವು. ಕ್ರಿಸ್ತಶಕದ ಮೊದಲ ಶತಮಾನದಲ್ಲಿಯೇ ಈ ಪ್ರದೇಶ ಕಡಲಾಚೆಯ ವ್ಯಾಪಾರದ ನಂಟನ್ನು ಪಡೆದಿತ್ತೆಂಬುದಕ್ಕೆ ಈ ಎರಡು ನಿಧಿಗಳು ಸಾಕ್ಷಿ. ಇತಿಹಾಸಕಾರರು ಇವುಗಳನ್ನು ಪ್ರಸ್ತಾಪಿಸುವುದು ಸಾಮಾನ್ಯವಾಗಿ ಈ ಕಾರಣಕ್ಕಾಗಿಯೇ. ಆದರೆ ವಣಿಕ ವೃತ್ತಿಯ ಸಮಾಜಕ್ಕೆ ಈ ನಾಣ್ಯಗಳು ಮತ್ತೊಂದು ಪ್ರಶ್ನೆಯನ್ನೂ ಒಡ್ಡುತ್ತವೆ. ಇಂತಹ ನಾಣ್ಯ ಕೈಗೆ ಬಂದಾಗ ಅದಕ್ಕೆ ಸಲ್ಲಬೇಕಾದ ನ್ಯಾಯವಾದ ಬೆಲೆ ಯಾವುದು? ಕೊಟ್ಟ ಬೆಲೆ ನ್ಯಾಯವಾದುದೇ ಎಂದು ನಿರ್ಣಯಿಸುವುದು ಹೇಗೆ?

ನಾಣ್ಯ ಹುಟ್ಟಿದ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಸರಳವಾಗಿತ್ತು. ರೋಮಿನ ಈ ಬೆಳ್ಳಿ ನಾಣ್ಯದ ಹೆಸರು ಡಿನಾರಿಯಸ್. ನಮ್ಮ ಪ್ರಾಚೀನ ಗ್ರಂಥಗಳ ‘ದೀನಾರ’ ಶಬ್ದ ಇದರಿಂದಲೇ ಬಂದುದು. ಕಲ್ಪಸೂತ್ರದಲ್ಲಿ ಬರುವ ಶ್ರೀದೇವಿಯ ವರ್ಣನೆಯಲ್ಲಿ ದೀನಾರಗಳ ಮಾಲೆಯ ಉಲ್ಲೇಖವಿದೆ. ಒಂದು ರೋಮನ್ ಪೌಂಡ್ ಬೆಳ್ಳಿಯಿಂದ 84 ಡಿನಾರಿಯಸ್‌ಗಳನ್ನು ಟಂಕಿಸುವುದು ಆಗಿನ ನಿಯಮವಾಗಿತ್ತು. ಹೀಗಾಗಿ ಒಂದೊಂದು ನಾಣ್ಯದ ತೂಕ ನಾಲ್ಕು ಗ್ರಾಮಿಗೆ ಸ್ವಲ್ಪ ಕಡಿಮೆ, ಬೆಳ್ಳಿ ಬಹುಮಟ್ಟಿಗೆ ಅಪ್ಪಟ. ಕ್ರಿ.ಶ. 64ರ ಸುಮಾರಿಗೆ ನೀರೋ ಚಕ್ರವರ್ತಿ ಅದೇ ಒಂದು ಪೌಂಡಿನಿಂದ 96 ನಾಣ್ಯಗಳನ್ನು ಟಂಕಿಸತೊಡಗಿದನು; ಬೆಳ್ಳಿಯ ಶುದ್ಧಿಯನ್ನೂ ತಗ್ಗಿಸಿದನು. ಆನಂತರದ ಹಗುರವಾದ ಬೆಳ್ಳಿ ನಾಣ್ಯಗಳು ದಕ್ಷಿಣ ಭಾರತದ ನಿಧಿಗಳಲ್ಲಿ ಕಾಣಸಿಗುವುದು ವಿರಳ. ನಮ್ಮ ವರ್ತಕರು ನಾಣ್ಯದ ಮೇಲಿನ ಮುಖವನ್ನು ನೋಡಿ ಮರುಳಾಗದೆ, ತಕ್ಕಡಿಗೂ ಒರೆಗಲ್ಲಿಗೂ ಹಚ್ಚಿ ಬೆಲೆ ಕಟ್ಟುತ್ತಿದ್ದರೆಂದು ಇದರಿಂದ ಊಹಿಸಬಹುದು.

ಇದೇ ಕಾಲದ ಒಂದು ಪ್ರಸಂಗವನ್ನು ರೋಮಿನ ವಿದ್ವಾಂಸ ಪ್ಲಿನಿ ದಾಖಲಿಸಿದ್ದಾನೆ. ಕ್ಲಾಡಿಯಸ್ಸನ ಆಳ್ವಿಕೆಯಲ್ಲಿ ತೆರಿಗೆ ಗುತ್ತಿಗೆದಾರನೊಬ್ಬನ ಸೇವಕನು ಬಿರುಗಾಳಿಗೆ ಸಿಕ್ಕಿ ಸಿಂಹಳದ್ವೀಪವನ್ನು ಸೇರಿದನಂತೆ. ಅವನ ಬಳಿಯಿದ್ದ ಹಣವನ್ನು ಅಲ್ಲಿನ ಅರಸನು ಪರೀಕ್ಷಿಸಿದನು. ನಾಣ್ಯಗಳ ಮೇಲಿನ ಮುಖಗಳು ಬೇರೆ ಬೇರೆ. ಅಂದರೆ ಅವು ಬೇರೆ ಬೇರೆ ದೊರೆಗಳ ಕಾಲದವು. ಆದರೆ ತೂಕ ಮಾತ್ರ ಎಲ್ಲದರದೂ ಒಂದೇ. ದೊರೆ ಬದಲಾದರೂ ತೂಕ ಬದಲಾಗದ ನಾಡಿನವರು ಪ್ರಾಮಾಣಿಕರಾಗಿರಬೇಕೆಂದು ಮೆಚ್ಚಿ, ಅರಸನು ರೋಮಿಗೆ ರಾಯಭಾರಿಗಳನ್ನು ಕಳುಹಿಸಿದನೆಂದು ಪ್ಲಿನಿ ಹೇಳುತ್ತಾನೆ. ಕೆಲವೇ ವರ್ಷಗಳಲ್ಲಿ ನೀರೋ ಆ ಮೆಚ್ಚುಗೆಯನ್ನು ಸುಳ್ಳು ಮಾಡಿದನೆಂಬುದು ಬೇರೆಯ ಮಾತು.

ಅಂದು ತೂಕವೇ ಬೆಲೆ, ಬೆಲೆಯೇ ತೂಕ. ಆದರೆ ಅದೇ ನಾಣ್ಯ ಹದಿನೆಂಟು ಹತ್ತೊಂಬತ್ತು ಶತಮಾನ ನೆಲದಡಿಯಲ್ಲಿದ್ದು ಮೇಲೆ ಬಂದಾಗ ಅದರ ಬೆಲೆ ಬೆಳ್ಳಿಯಲ್ಲಿ ಮಾತ್ರ ಉಳಿದಿರುವುದಿಲ್ಲ. ಅದರೊಳಗೆ ಒಂದು ನಾಡಿನ ನೆನಪು ಸೇರಿಕೊಂಡಿರುತ್ತದೆ. ಆ ನೆನಪನ್ನು ತೂಗುವ ತಕ್ಕಡಿ ಯಾವುದು ಎಂಬುದರಲ್ಲಿಯೇ ತೊಡಕು ಹುಟ್ಟುವುದು.

ಬ್ರಿಟಿಷ್ ಸರ್ಕಾರವು 1878ರಲ್ಲಿ ಭಾರತೀಯ ನಿಧಿ ಕಾಯ್ದೆಯನ್ನು ರಚಿಸಿತು. ಹತ್ತು ರೂಪಾಯಿಗೆ ಮೀರಿದ ಯಾವುದೇ ನಿಧಿ ಸಿಕ್ಕರೂ, ಸಿಕ್ಕವನು ಕಲೆಕ್ಟರಿಗೆ ತಿಳಿಸತಕ್ಕದ್ದು. ಕಲೆಕ್ಟರನು ಪ್ರಕಟಣೆ ಹೊರಡಿಸಿ, ನಾಲ್ಕು ತಿಂಗಳಿಗೆ ಕಡಿಮೆಯಿಲ್ಲದ, ಆರು ತಿಂಗಳಿಗೆ ಮೀರದ ಅವಧಿಯನ್ನು ಗೊತ್ತುಮಾಡಿ ಹಕ್ಕುದಾರರನ್ನು ಕರೆಯಬೇಕು. ಹಿಂದಿನ ನೂರು ವರ್ಷಗಳೊಳಗೆ ಹೂಳಿಟ್ಟವರ ವಾರಸುದಾರರು ಬಂದರೆ ಅವರ ಹಕ್ಕನ್ನು ವಿಚಾರಿಸಬೇಕು. ಒಡೆಯರಿಲ್ಲವೆಂದು ತೀರ್ಮಾನವಾದರೆ, ಸಿಕ್ಕವನಿಗೆ ನಾಲ್ಕರಲ್ಲಿ ಮೂರು ಪಾಲು, ನೆಲದೊಡೆಯನಿಗೆ ಒಂದು ಪಾಲು ಎಂಬುದು ಸಾಮಾನ್ಯ ಕ್ರಮ. ಇಲ್ಲಿಯವರೆಗೆ ಕಾಯ್ದೆಯ ನಡೆ ಬಹುಮಟ್ಟಿಗೆ ಧರ್ಮಸಮ್ಮತವಾದುದೇ. ಆದರೆ ಸರ್ಕಾರವೇ ನಿಧಿಯನ್ನು ಕೊಳ್ಳಲು ಬಯಸಿದರೆ ಎಷ್ಟು ಕೊಡಬೇಕು? ಆ ವಸ್ತುವಿನ ಲೋಹದ ಬೆಲೆ ಮತ್ತು ಆ ಬೆಲೆಯ ಐದರಲ್ಲಿ ಒಂದು ಭಾಗ ಎಂದು ಕಾಯ್ದೆ ಹೇಳಿತು.

ಈ ಅಳತೆಗೋಲನ್ನು ಯಶವಂತಪುರದ ನಾಣ್ಯಗಳಿಗೆ ಹಿಡಿದು ನೋಡಬಹುದು. ಸವೆತವನ್ನು ಲೆಕ್ಕಕ್ಕೆ ತೆಗೆದುಕೊಂಡು ಒಂದೊಂದು ನಾಣ್ಯ ಮೂರೂ ಮುಕ್ಕಾಲು ಗ್ರಾಂ ಎಂದು ಹಿಡಿದರೆ 163 ನಾಣ್ಯಗಳ ತೂಕ ಸುಮಾರು 611 ಗ್ರಾಂ. ಅಂದಿನ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ; ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ಈ ಲೆಕ್ಕದಲ್ಲಿ ಇಡೀ ನಿಧಿಯ ಬೆಳ್ಳಿ ಹೆಚ್ಚುಕಡಿಮೆ 55 ರೂಪಾಯಿಗಳ ಬೆಳ್ಳಿಗೆ ಸಮ. ಅದಕ್ಕೆ ಐದನೆಯ ಒಂದು ಭಾಗ, ಅಂದರೆ 11 ರೂಪಾಯಿ ಸೇರಿಸಿದರೆ 66 ರೂಪಾಯಿ. ಬೆಂಗಳೂರಿನ ಇತಿಹಾಸವನ್ನು ಸಾವಿರದೊಂಬೈನೂರು ವರ್ಷ ಹಿಂದಕ್ಕೆ ಒಯ್ಯುವ ಆಧಾರಕ್ಕೆ ಕಾಯ್ದೆಯ ತಕ್ಕಡಿಯಲ್ಲಿ ಇಷ್ಟೇ ಬೆಲೆ. ಲೆಕ್ಕದಲ್ಲಿ ತಪ್ಪಿಲ್ಲ, ತಕ್ಕಡಿಯೇ ಬೇರೆಯದಾಗಬೇಕಿತ್ತು.

ಇಂತಹ ಬೆಲೆಯ ಪರಿಣಾಮ ಎರಡು ಬಗೆಯದು. ನಿಧಿ ಸಿಕ್ಕ ಬಡ ಕೂಲಿಯವನಿಗೆ ಸರ್ಕಾರ ಕೊಡುವುದಕ್ಕೂ ಅಕ್ಕಸಾಲಿಗನು ಗುಟ್ಟಾಗಿ ಕೊಡುವುದಕ್ಕೂ ಹೆಚ್ಚಿನ ಅಂತರ ಕಾಣದಿದ್ದರೆ, ಅವನು ಕಚೇರಿಯ ಅಲೆದಾಟಕ್ಕಿಂತ ಕುಲುಮೆಯ ದಾರಿಯನ್ನೇ ಹಿಡಿಯುವನು. ನಾಣ್ಯ ಕರಗಿ ಕಾಲುಂಗುರವಾಗುವುದು. ಇಲ್ಲವೆ ಅದರ ನಿಜವಾದ ಬೆಲೆಯನ್ನು ಬಲ್ಲ ಜಾಣನೊಬ್ಬ ಬೆಳ್ಳಿಯ ಬೆಲೆಗೆ ಕೊಂಡು ನೂರುಪಟ್ಟಿಗೆ ಮಾರುವನು. ಅನ್ಯಾಯದ ಬೆಲೆ ಕಳ್ಳತನಕ್ಕೆ ಬಾಗಿಲು ತೆರೆಯುತ್ತದೆಂಬುದನ್ನು ಕಾಯ್ದೆ ಮಾಡಿದವರು ಮನಗಾಣಲಿಲ್ಲ.

ಕರ್ನಾಟಕದ ಜೈನ ಆಚಾರ್ಯಪರಂಪರೆ ಈ ವಿಷಯವನ್ನು ಬಹು ಹಿಂದೆಯೇ ಸೂಕ್ಷ್ಮವಾಗಿ ವಿಚಾರಿಸಿತ್ತು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ: ಸ್ತೇನಪ್ರಯೋಗ, ತದಾಹೃತಾದಾನ, ವಿರುದ್ಧರಾಜ್ಯಾತಿಕ್ರಮ, ಹೀನಾಧಿಕಮಾನೋನ್ಮಾನ ಮತ್ತು ಪ್ರತಿರೂಪಕವ್ಯವಹಾರ. ಕಳ್ಳನನ್ನು ಪ್ರೇರಿಸುವುದು, ಕದ್ದ ಮಾಲನ್ನು ಕೊಳ್ಳುವುದು, ಕಳ್ಳ ತೂಕ, ನಕಲಿ ಮಾಲು ಇವೆಲ್ಲವೂ ಯಾರಿಗಾದರೂ ತಿಳಿಯುವಂತಹವು. ನಡುವಿನ ಮೂರನೆಯದು ಮಾತ್ರ ವಿವರಣೆಯನ್ನು ಬೇಡುತ್ತದೆ. ಕರ್ನಾಟಕದವರೇ ಆದ ಪೂಜ್ಯಪಾದಾಚಾರ್ಯರು ತಮ್ಮ ಸರ್ವಾರ್ಥಸಿದ್ಧಿ ವ್ಯಾಖ್ಯಾನದಲ್ಲಿ ಅದರ ಭಾವವನ್ನು ಬಿಡಿಸಿದ್ದಾರೆ. ಉಚಿತವಾದ ನ್ಯಾಯವನ್ನು ಬಿಟ್ಟು ಬೇರೆ ರೀತಿಯಲ್ಲಿ ಕೊಡುವುದು ಕೊಳ್ಳುವುದು ಅತಿಕ್ರಮ. ರಾಜ್ಯ ಕದಡಿದ ಸ್ಥಳದಲ್ಲಿ ಹೆಚ್ಚು ಬೆಲೆಯ ವಸ್ತುಗಳು ಅಲ್ಪಬೆಲೆಗೆ ಸಿಗುತ್ತವೆಂದು ಅದಕ್ಕಾಗಿ ಪ್ರಯತ್ನಿಸುವುದೇ ಈ ಅತಿಚಾರ ಎಂಬುದು ಅವರ ಅಭಿಪ್ರಾಯದ ಸಾರ.

ಈ ವಿವರಣೆಯಲ್ಲಿ ಮಾರುವವನು ಒಪ್ಪಿ ಮಾರಿರಬಹುದು, ತೂಕ ಸರಿಯಿರಬಹುದು, ವಸ್ತು ಕದ್ದದ್ದಲ್ಲದಿರಬಹುದು. ಆದರೂ ವ್ರತಕ್ಕೆ ಭಂಗವುಂಟು. ಏಕೆಂದರೆ ಆ ಅಲ್ಪಬೆಲೆ ವಸ್ತುವಿನ ಗುಣದಿಂದ ಬಂದುದಲ್ಲ, ಮಾರುವವನ ದುಃಸ್ಥಿತಿಯಿಂದ ಬಂದುದು. ರಾಜ್ಯ ಕದಡಿದಾಗ ಪ್ರಜೆಯ ಸ್ಥಿತಿ ಹೇಗೋ, ಅಜ್ಞಾನದಲ್ಲಿಯೂ ಹಸಿವಿನಲ್ಲಿಯೂ ಮಾರುವವನ ಸ್ಥಿತಿ ಹಾಗೆಯೇ. ತಾನು ಮಾರುತ್ತಿರುವುದೇನೆಂದು ತಿಳಿಯದವನಿಂದ ಬಲ್ಲವನು ಬೆಳ್ಳಿಯ ಬೆಲೆಗೆ ನಾಣ್ಯ ಕೊಂಡರೆ, ಇಬ್ಬರೂ ನಗುತ್ತ ಬೀಳ್ಕೊಂಡರೂ ಅಲ್ಲಿ ನಡೆದುದು ಅತಿಕ್ರಮವೇ ಸರಿ.

ನೆಲದಲ್ಲಿ ಸಿಕ್ಕ ನಿಧಿಯ ವಿಷಯದಲ್ಲಿಯೂ ಶ್ರಾವಕಾಚಾರ ಗ್ರಂಥಗಳು ಸುಮ್ಮನಿಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕವು ಪರರು ಇಟ್ಟ, ಬೀಳಿಸಿಕೊಂಡ, ಮರೆತುಹೋದ ಸೊತ್ತನ್ನು ಕೊಡದೆ ತೆಗೆದುಕೊಳ್ಳಬಾರದೆಂದು ವಿಧಿಸುತ್ತದೆ. 13ನೆಯ ಶತಮಾನದ ಪಂಡಿತ ಆಶಾಧರನು ಸಾಗಾರಧರ್ಮಾಮೃತದಲ್ಲಿ, ಒಡೆಯನಿಲ್ಲವೆಂದು ನಿಧಿಯನ್ನು ತೆಗೆದುಕೊಳ್ಳಲಾಗದು, ಒಡೆಯನಿಲ್ಲದ ಧನಕ್ಕೆ ಅರಸನೇ ವಾರಸುದಾರನೆಂದು ಸ್ಪಷ್ಟಪಡಿಸಿದ್ದಾನೆ. ಆದುದರಿಂದ ಸರ್ಕಾರಕ್ಕೆ ತಿಳಿಸದೆ ಮುಚ್ಚಿಟ್ಟ ನಿಧಿಯ ನಾಣ್ಯಕ್ಕೆ ನ್ಯಾಯಬೆಲೆ ಎಂಬುದೇ ಇಲ್ಲ. ಎಷ್ಟು ಕೊಟ್ಟರೂ ಅದು ತದಾಹೃತಾದಾನಕ್ಕೆ ಸಮೀಪವಾದುದು.

ಸ್ವತಂತ್ರ ಭಾರತದ ಕಾನೂನು ತಕ್ಕಡಿಯನ್ನು ಬದಲಿಸಿತು. ಮೈಸೂರು ರಾಜ್ಯವು 1962ರಲ್ಲಿ ತನ್ನದೇ ಆದ ನಿಧಿ ಕಾಯ್ದೆಯನ್ನು ಮಾಡಿತು. ಕೇಂದ್ರ ಸರ್ಕಾರದ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ 1976ರಲ್ಲಿ ಜಾರಿಗೆ ಬಂದಿತು. ನೂರು ವರ್ಷಕ್ಕೆ ಕಡಿಮೆಯಿಲ್ಲದ ನಾಣ್ಯ ಅದರ ಪ್ರಕಾರ ಪುರಾವಸ್ತು. ಅದನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ಸರ್ಕಾರವು ಪುರಾವಸ್ತುವನ್ನು ಕಡ್ಡಾಯವಾಗಿ ವಶಪಡಿಸಿಕೊಂಡು, ಪರಿಹಾರದ ಬಗ್ಗೆ ಒಪ್ಪಂದವಾಗದಿದ್ದಲ್ಲಿ, ಮಧ್ಯಸ್ಥನು ಅದರ ಕಾಲ, ಚಾರಿತ್ರಿಕ ಹಾಗೂ ಕಲಾತ್ಮಕ ಮಹತ್ತ್ವ ಮತ್ತು ವಿರಳತೆಗಳನ್ನು ಗಮನಿಸಬೇಕು. 1878ರಲ್ಲಿ ಲೋಹ ಮತ್ತು ಐದನೆಯ ಒಂದು ಭಾಗ. ಸುಮಾರು ಒಂದು ಶತಮಾನದ ತರುವಾಯ ಕಾಲ, ಮಹತ್ತ್ವ, ವಿರಳತೆ. ಇಂಗ್ಲೆಂಡಿನ 1996ರ ನಿಧಿ ಕಾಯ್ದೆಯಂತೂ ತಜ್ಞರ ಸಮಿತಿಯಿಂದ ಬೆಲೆ ಕಟ್ಟಿಸಿ, ಪೂರ್ಣ ಮಾರುಕಟ್ಟೆಯ ಬೆಲೆಯವರೆಗೆ ಬಹುಮಾನ ಕೊಡುವ ಕ್ರಮವನ್ನು ಸ್ಥಾಪಿಸಿತು. ಪ್ರಾಮಾಣಿಕನಾಗಿ ಬಂದು ತಿಳಿಸಿದವನಿಗೆ ನಷ್ಟವಾಗಬಾರದೆಂಬುದೇ ಇದರ ತಿರುಳು.

ನ್ಯಾಯಬೆಲೆಯೆಂದರೆ ಅತಿ ಹೆಚ್ಚಿನ ಬೆಲೆಯೆಂದೂ ಭಾವಿಸಬೇಕಾಗಿಲ್ಲ. ಎರಡು ಸಾವಿರ ವರ್ಷ ಹಳೆಯದೆಂದ ಮಾತ್ರಕ್ಕೆ ನಾಣ್ಯ ವಿರಳವಾಗುವುದಿಲ್ಲ. ಟೈಬೀರಿಯಸ್ಸನ ಡಿನಾರಿಯಸ್ ದಕ್ಷಿಣ ಭಾರತದ ನಿಧಿಗಳಲ್ಲಿ ಹೇರಳವಾಗಿ ಸಿಕ್ಕಿದೆ; ಲೋಕದ ಸಂಗ್ರಾಹಕರಲ್ಲಿಯೂ ಅದು ಸುಪರಿಚಿತ. ಮನೆಯ ಪೆಟ್ಟಿಗೆಯಲ್ಲಿ ಹಳೆಯ ನಾಣ್ಯವೊಂದು ಸಿಕ್ಕಿತೆಂದು ಲಕ್ಷ ಲಕ್ಷ ಕೇಳುವುದೂ, ಎರಕ ಹೊಯ್ದ ನಕಲನ್ನು ಅಸಲೆಂದು ಮಾರುವುದೂ ಅದೇ ವ್ರತದ ಬೇರೆ ತುದಿಯ ಲೋಪಗಳು. ನಾಣ್ಯ ಯಾವ ದೊರೆಯದು, ಯಾವ ಟಂಕಸಾಲೆಯದು, ಎಷ್ಟು ಸವೆದಿದೆ, ತೂಕ ಸರಿಯಿದೆಯೇ, ಇಂತಹವು ಇನ್ನೆಷ್ಟಿವೆ, ಎಲ್ಲಿಂದ ಬಂದಿತು ಎಂಬ ಪ್ರಶ್ನೆಗಳಿಗೆ ಕೊಳ್ಳುವವನಷ್ಟೇ ಮಾರುವವನಿಗೂ ಉತ್ತರ ತಿಳಿದಿರಬೇಕು. ಆಗ ಇಬ್ಬರೂ ಒಪ್ಪಿದ ಬೆಲೆ, ಹೆಚ್ಚಿರಲಿ ಕಡಿಮೆಯಿರಲಿ, ನ್ಯಾಯಬೆಲೆಯೇ.

ಬಿಡಿ ನಾಣ್ಯದ ಬೆಲೆ ಒಂದಾದರೆ ಕೂಡಿದ ನಿಧಿಯ ಬೆಲೆ ಮತ್ತೊಂದು. ವಿಮಾನ ನಿಲ್ದಾಣದ ಬಳಿ ಸಿಕ್ಕ 256 ನಾಣ್ಯಗಳು ಒಂದೊಂದಾಗಿ ಶಿವಾಜಿನಗರದ ಬೆಳ್ಳಿ ಅಂಗಡಿಗಳಿಗೆ ಹಂಚಿಹೋಗಿದ್ದರೆ, ಬೆಂಗಳೂರಿನ ಪೂರ್ವದಿಕ್ಕಿನ ಈ ನೆಲಕ್ಕೂ ರೋಮಿಗೂ ಇದ್ದ ನಂಟಿನ ಸುಳಿವು ಅಳಿಸಿಹೋಗುತ್ತಿತ್ತು. ಆ ನಷ್ಟ ಯಾರ ಲಾಭಕ್ಕೂ ಜಮೆಯಾಗುತ್ತಿರಲಿಲ್ಲ.

ಬಸದಿಗಳ ಟ್ರಸ್ಟುಗಳಿಗೆ ಈ ವಿಚಾರ ದೂರದ್ದಲ್ಲ. ಶ್ರವಣಬೆಳಗೊಳದ ಶಾಸನಗಳಲ್ಲಿ ಅಭಿಷೇಕದ ಹಾಲಿಗಾಗಿ ಗದ್ಯಾಣಗಳನ್ನು ಇಟ್ಟು, ಅದರ ಬಡ್ಡಿಯಿಂದ ನಿತ್ಯ ಇಷ್ಟು ಹಾಲು ಸಲ್ಲಬೇಕೆಂದು ಬರೆಸಿದ ದಾನಗಳಿವೆ. ನಾಣ್ಯ ಕೊಟ್ಟವನೂ ಅದನ್ನು ಕಾಯುವವನೂ ಬೇರೆ ಬೇರೆಯೆಂಬ ಅರಿವು ಅಲ್ಲಿ ಸ್ಪಷ್ಟವಾಗಿದೆ. ಇಂದಿಗೂ ಹಳೆಯ ಭಂಡಾರವನ್ನು ತೆರೆದಾಗ ಗದ್ಯಾಣ, ವರಾಹ, ಹಣಗಳು ಕಂಡುಬರುವುದುಂಟು. ಜೀರ್ಣೋದ್ಧಾರಕ್ಕಾಗಿ ಬುನಾದಿ ತೆಗೆಯುವಾಗ ನೆಲವೂ ಏನನ್ನಾದರೂ ಕೊಡಬಹುದು. ನೆಲದಿಂದ ಬಂದುದನ್ನು ಮೊದಲು ಜಿಲ್ಲಾಧಿಕಾರಿಗೆ ತಿಳಿಸಬೇಕು. ಭಂಡಾರದಲ್ಲಿದ್ದುದನ್ನು ಪಟ್ಟಿ ಮಾಡಿ, ಛಾಯಾಚಿತ್ರ ತೆಗೆದು, ತೂಗಿ, ಒಬ್ಬರಿಗಿಂತ ಹೆಚ್ಚು ಮಂದಿ ಬಲ್ಲವರಿಗೆ ತೋರಿಸಬೇಕು. ಟ್ರಸ್ಟಿನ ಸದಸ್ಯನಾಗಲಿ, ಅವನ ಬಂಧುವಾಗಲಿ ಅದನ್ನು ತಾನೇ ಕೊಳ್ಳಲು ಮುಂದಾಗಬಾರದು. ತನ್ನದನ್ನು ಅಲ್ಪಬೆಲೆಗೆ ಮಾರಿದವನು ಮೋಸಹೋದವನು. ದೇವರ ಸೊತ್ತನ್ನು ಅಲ್ಪಬೆಲೆಗೆ ಬಿಟ್ಟವನು ದಾನಿಯ ನಂಬಿಕೆಗೆ ಎರವಾದವನು.

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ 1865ರಲ್ಲಿ ದಂಡು ಪ್ರದೇಶದಲ್ಲಿಯೇ ಆರಂಭವಾಗಿ, ಮುಂದೆ ಕಸ್ತೂರಬಾ ರಸ್ತೆಯ ಕೆಂಪು ಕಟ್ಟಡಕ್ಕೆ ಬಂದಿತು. ಇಂತಹ ಸಂಗ್ರಹಾಲಯದಲ್ಲಿ ಹಳೆಯ ನಾಣ್ಯವೊಂದನ್ನು ಮಕ್ಕಳಿಗೆ ತೋರಿಸುವ ತಂದೆತಾಯಿಗಳು, ಅದರ ಬೆಲೆ ಎಷ್ಟೆಂದು ಮಕ್ಕಳು ಕೇಳಿದಾಗ, ಮುಖಗಳು ಬೇರೆಯಾದರೂ ತೂಕ ಒಂದೇ ಎಂದು ಮೆಚ್ಚಿದ ಸಿಂಹಳದ ಅರಸನ ಕಥೆಯನ್ನು ಹೇಳಬಹುದು. ಮಾರುವವನು ಬಡವನಿರಲಿ ಬಲ್ಲಿದನಿರಲಿ, ತಿಳಿದವನಿರಲಿ ತಿಳಿಯದವನಿರಲಿ, ಶ್ರಾವಕನು ಹಿಡಿದ ತಕ್ಕಡಿಯೂ ಹಾಗೆಯೇ ಒಂದೇ ಆಗಿರತಕ್ಕದ್ದು.