ಲಾ ಓದೋಕೆ ಸೀಟು ಸಿಕ್ತು, ಇರೋದೆಲ್ಲಿ?

ನಮ್ಮ ಊರುಗಳಲ್ಲಿ ಯಾರಾದರೂ ಎಲ್‌ಎಲ್‌ಬಿ ಸೇರುತ್ತೇನೆ ಎಂದರೆ ಮನೆಯವರು ಮೊದಲು ಕೇಳುವುದು ಫೀಸಿನ ಬಗ್ಗೆ ಅಲ್ಲ. ‘ಇರೋದೆಲ್ಲಿ?’ ಅಂತ. ಫೀಸು ವರ್ಷಕ್ಕೊಮ್ಮೆ, ಹೇಗೋ ಹೊಂದಿಸಬಹುದು. ಬಾಡಿಗೆ ಪ್ರತಿ ತಿಂಗಳೂ ಬಾಗಿಲು ತಟ್ಟುತ್ತದೆ.

ಈ ಪ್ರಶ್ನೆ ಬೆಂಗಳೂರಿನಲ್ಲಿ ಹುಟ್ಟಿದ್ದಲ್ಲ, ಪಿಜಿಗಳ ಕಾಲದ್ದೂ ಅಲ್ಲ. ನಾವೆಲ್ಲ ಫೋಟೋ ನೋಡಿ ಬೆಳೆದ ಇಬ್ಬರು ಬ್ಯಾರಿಸ್ಟರ್‌ಗಳು, ಗಾಂಧಿ ಮತ್ತು ಅಂಬೇಡ್ಕರ್, ಲಂಡನ್ನಿನಲ್ಲಿ ಇದೇ ಪ್ರಶ್ನೆಯ ಜೊತೆ ಹೆಣಗಿದವರು. ಅವರ ಭಾಷಣ, ಹೋರಾಟಗಳ ಬಗ್ಗೆ ಬೇಕಾದಷ್ಟು ಓದಿದ್ದೇವೆ. ಇವತ್ತು ಅವರ ಬಾಡಿಗೆ ಕೋಣೆಗಳ ಕಡೆ ನೋಡೋಣ.

ಅದಕ್ಕೂ ಮೊದಲು ಒಂದು ತಮಾಷೆಯ ಸಂಗತಿ. ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆಗಬೇಕಾದರೆ ನಾಲ್ಕು ಸಂಸ್ಥೆಗಳಲ್ಲಿ ಒಂದನ್ನು ಸೇರಬೇಕು: ಲಿಂಕನ್ಸ್ ಇನ್, ಇನ್ನರ್ ಟೆಂಪಲ್, ಮಿಡಲ್ ಟೆಂಪಲ್, ಗ್ರೇಸ್ ಇನ್. ನಾಲ್ಕನ್ನೂ ಸೇರಿಸಿ ‘ಇನ್ಸ್ ಆಫ್ ಕೋರ್ಟ್’ ಅನ್ನುತ್ತಾರೆ. ಇನ್ ಅಂದರೆ ಬೇರೇನೂ ಅಲ್ಲ, ತಂಗುವ ಮನೆ. ನಮ್ಮ ಮಾತಲ್ಲಿ ಹೇಳುವುದಾದರೆ ಛತ್ರ. ನೂರಾರು ವರ್ಷಗಳ ಹಿಂದೆ ಹಳ್ಳಿಗಾಡಿನಿಂದ ಕಾನೂನು ಕಲಿಯಲು ಬಂದ ಹುಡುಗರು ಕೋರ್ಟಿನ ಹತ್ತಿರ ಒಟ್ಟಿಗೆ ತಂಗುತ್ತಿದ್ದರು, ಹಿರಿಯ ವಕೀಲರ ಜೊತೆ ಕೂತು ಉಣ್ಣುತ್ತಿದ್ದರು, ಊಟವಾದ ಮೇಲೆ ವಾದ ಮಾಡಿ ಕಲಿಯುತ್ತಿದ್ದರು. ಕಾನೂನು ಶಾಲೆ ಹುಟ್ಟಿದ್ದೇ ಹಾಸ್ಟೆಲ್ ಆಗಿ.

ಕಾಲ ಕಳೆದಂತೆ ಆ ಕಟ್ಟಡಗಳ ಕೋಣೆಗಳು ದೊಡ್ಡ ವಕೀಲರ ಕಚೇರಿಗಳಾದವು. ವಿದ್ಯಾರ್ಥಿಗಳು ಹೊರಗೆ ಬಿದ್ದರು. ಉಳಿದದ್ದು ಊಟದ ನಿಯಮ ಮಾತ್ರ. ಗಾಂಧಿಯ ಕಾಲದಲ್ಲಿ ಒಬ್ಬ ವಿದ್ಯಾರ್ಥಿ ಹನ್ನೆರಡು ಟರ್ಮ್ ಮುಗಿಸಬೇಕಿತ್ತು, ಅಂದರೆ ಸುಮಾರು ಮೂರು ವರ್ಷ. ಟರ್ಮ್ ಮುಗಿಸುವುದು ಎಂದರೆ ಪಾಠ ಕೇಳುವುದಲ್ಲ. ಟರ್ಮಿಗೆ ಸುಮಾರು 24 ಊಟ, ಅದರಲ್ಲಿ ಕನಿಷ್ಠ ಆರಕ್ಕೆ ಹಾಜರಾಗಬೇಕು. ಹನ್ನೆರಡು ಆರಲಿ 72 ಊಟ. ಪುಸ್ತಕವನ್ನು ರಾಜಕೋಟೆಯಲ್ಲಿ ಕೂತೂ ಓದಬಹುದಿತ್ತು, ಊಟಕ್ಕೆ ಮಾತ್ರ ಲಂಡನ್ನಿನಲ್ಲೇ ಇರಬೇಕು. ಛತ್ರ ಹೋಯಿತು, ಛತ್ರದ ಹಾಜರಾತಿ ಉಳಿಯಿತು. ಬಾಡಿಗೆಯ ಭಾರ ವಿದ್ಯಾರ್ಥಿಯ ತಲೆಗೆ ಬಂತು.

ಅಷ್ಟು ಕಷ್ಟಪಟ್ಟು ಅಲ್ಲಿಗೇ ಯಾಕೆ ಹೋಗಬೇಕಿತ್ತು ಎಂದು ಕೇಳಬಹುದು. ಆಗ ಭಾರತದ ಹೈಕೋರ್ಟುಗಳಲ್ಲಿ ಇಂಗ್ಲೆಂಡಿನ ಬ್ಯಾರಿಸ್ಟರ್‌ಗೆ ಇಲ್ಲಿನ ವಕೀಲರಿಗಿಂತ ಹೆಚ್ಚಿನ ಹಕ್ಕು, ಹೆಚ್ಚಿನ ಮರ್ಯಾದೆ ಇತ್ತು. ಆ ಭೇದ ಕಾನೂನಿನ ಪ್ರಕಾರ ಪೂರ್ತಿ ಹೋಗಿದ್ದು 1961ರ ವಕೀಲರ ಕಾಯ್ದೆ ಬಂದ ಮೇಲೆ.

ಗಾಂಧಿ ಮುಂಬೈ ಬಿಟ್ಟಿದ್ದು 1888ರ ಸೆಪ್ಟೆಂಬರ್ 4ರಂದು. ವಯಸ್ಸು ಇನ್ನೂ 19 ತುಂಬಿರಲಿಲ್ಲ. ಲಂಡನ್ನಿನಲ್ಲಿ ಮೊದಲು ಇಳಿದದ್ದು ವಿಕ್ಟೋರಿಯಾ ಹೋಟೆಲ್. ಅಲ್ಲಿನ ಬಿಲ್ಲು ಮೂರು ಪೌಂಡ್. ಬಿಲ್ಲು ನೋಡಿ ಗಾಬರಿಯಾಯಿತೆಂದು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅಷ್ಟು ಕೊಟ್ಟೂ ಹೊಟ್ಟೆ ತುಂಬಲಿಲ್ಲವಂತೆ. ಸಸ್ಯಾಹಾರಿಗೆ ಅಲ್ಲಿ ತಿನ್ನಲು ಏನೂ ಸರಿಹೊಂದಲಿಲ್ಲ.

ಆಮೇಲೆ ವೆಸ್ಟ್ ಕೆನ್ಸಿಂಗ್ಟನ್ನಿನಲ್ಲಿ ಒಬ್ಬ ವಿಧವೆಯ ಮನೆಯಲ್ಲಿ ಊಟ ವಸತಿ ಎರಡೂ ಸಿಕ್ಕಿತು, ವಾರಕ್ಕೆ 30 ಶಿಲಿಂಗ್. ಲೆಕ್ಕಕ್ಕೆ ಅನುಕೂಲವಾಗಲಿ ಎಂದು ಹೇಳುತ್ತೇವೆ: ಆಗ ಒಂದು ಪೌಂಡಿಗೆ 20 ಶಿಲಿಂಗ್, ಒಂದು ಶಿಲಿಂಗಿಗೆ 12 ಪೆನ್ಸ್. ಅಂದರೆ ವಾರಕ್ಕೆ ಒಂದೂವರೆ ಪೌಂಡ್. ಅದೇ ಹೊತ್ತಿನಲ್ಲಿ ಅವರಿಗೆ ಸಾಹೇಬನಾಗುವ ಹುಚ್ಚೂ ಹಿಡಿದಿತ್ತು. ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡಿನ ಸೂಟು, ಮೂರು ಪೌಂಡಿನ ಪಿಟೀಲು, ಡ್ಯಾನ್ಸ್ ಕ್ಲಾಸು ಬೇರೆ. ದುಡ್ಡು ಅಣ್ಣನದು.

ಪುಣ್ಯಕ್ಕೆ ಅವರಿಗೆ ಪೈಸೆ ಪೈಸೆ ಲೆಕ್ಕ ಬರೆದಿಡುವ ಚಾಳಿ ಇತ್ತು. ಲೆಕ್ಕ ನೋಡಿದಾಗ ಮನೆಯವರ ಶಕ್ತಿ ಮೀರಿ ಬದುಕುತ್ತಿದ್ದೇನೆ ಎಂದು ಕಂಡಿತು. ವಾರಕ್ಕೆ ಎರಡು ಶಿಲಿಂಗ್ ಕೋಣೆಯಲ್ಲಿದ್ದು, ಅಗ್ಗದ ಕೋಕೋ ಅಂಗಡಿಯಲ್ಲಿ ಎರಡು ಪೆನ್ಸಿಗೆ ಬ್ರೆಡ್ಡು ಕೋಕೋ ಸೇವಿಸಿ ಓದುತ್ತಿದ್ದ ಒಬ್ಬ ಬಡ ವಿದ್ಯಾರ್ಥಿಯ ಸುದ್ದಿಯೂ ಕಿವಿಗೆ ಬಿತ್ತು. ಮೊದಲು ಬೇರೆಯವರ ಮನೆ ಬಿಟ್ಟು ಸ್ವಂತ ಎರಡು ಕೋಣೆ ಹಿಡಿದರು. ಕೆಲಸದ ಜಾಗಕ್ಕೆ ಅರ್ಧ ಗಂಟೆಯಲ್ಲಿ ನಡೆದು ಹೋಗುವಂತಿರಬೇಕು ಎಂಬುದೇ ಆಯ್ಕೆಯ ನಿಯಮ. ಬಸ್ಸಿನ ದುಡ್ಡು ಉಳಿಯಿತು, ದಿನಕ್ಕೆ ಎಂಟು ಹತ್ತು ಮೈಲಿ ನಡಿಗೆಯಾಯಿತು. ಆಮೇಲೆ ಎರಡು ಕೋಣೆಯೂ ಹೆಚ್ಚಾಯಿತು ಅನ್ನಿಸಿ ಒಂದಕ್ಕೆ ಇಳಿದರು. ಒಂದು ಸ್ಟೌ ಕೊಂಡರು. ಬೆಳಗ್ಗೆ ಓಟ್ಸ್ ಗಂಜಿ, ಕೋಕೋ. ಮಧ್ಯಾಹ್ನ ಹೊರಗೆ ಊಟ. ರಾತ್ರಿ ಮತ್ತೆ ಬ್ರೆಡ್ಡು, ಕೋಕೋ. ದಿನಕ್ಕೆ ಒಂದು ಶಿಲಿಂಗ್ ಮೂರು ಪೆನ್ಸಿನಲ್ಲಿ ಊಟ ತಿಂಡಿ ಮುಗಿಯಿತು.

ಬ್ಯಾಚುಲರ್ ರೂಮು ಮಾಡಿಕೊಂಡು ಸ್ಟೌ ಮೇಲೆ ಅನ್ನ ಸಾರು ಬೇಯಿಸಿಕೊಂಡ ನಮ್ಮವರಿಗೆಲ್ಲ ಈ ಪುಟ ಓದಿದರೆ ಗುರುತು ಸಿಗುತ್ತದೆ.

1891ರ ಜೂನ್ 10ಕ್ಕೆ ಬ್ಯಾರಿಸ್ಟರ್ ಆದರು, 12ಕ್ಕೆ ಹಡಗು ಹತ್ತಿದರು. ಒಂದು ದಿನ ಹೆಚ್ಚು ಉಳಿದರೂ ಬಾಡಿಗೆ ತಾನೇ! ಎರಡು ಮೂರು ವರ್ಷದ ನಂತರ ದಕ್ಷಿಣ ಆಫ್ರಿಕಾದಲ್ಲಿ ಕೂತು ಲಂಡನ್ನಿಗೆ ಕಾನೂನು ಓದಲು ಹೋಗುವ ಭಾರತದ ಹುಡುಗರಿಗಾಗಿ ಒಂದು ಕೈಪಿಡಿ ಬರೆದರು. ಯಾವ ಬಟ್ಟೆ ಒಯ್ಯಬೇಕು, ಎಂಥ ಕೋಣೆ ಹಿಡಿಯಬೇಕು, ಏನು ತಿನ್ನಬೇಕು, ಎಲ್ಲಕ್ಕೂ ಲೆಕ್ಕ. ವಾರಕ್ಕೆ ಒಂದು ಪೌಂಡಿನಲ್ಲಿ ನೆಮ್ಮದಿಯಾಗಿ ಬದುಕಬಹುದು ಎಂಬುದು ಅವರ ವಾದ. ಅವರ ಜೀವಿತದಲ್ಲಿ ಅದು ಅಚ್ಚಾಗಲೇ ಇಲ್ಲ, ಈಗ ಸಮಗ್ರ ಬರಹಗಳ ಮೊದಲ ಸಂಪುಟದಲ್ಲಿದೆ. ಯೂಟ್ಯೂಬಿನಲ್ಲಿ ‘ಬೆಂಗಳೂರಲ್ಲಿ ಕಡಿಮೆ ದುಡ್ಡಲ್ಲಿ ಬದುಕೋದು ಹೇಗೆ’ ಎಂದು ಬರುವ ವಿಡಿಯೋಗಳ ಮುತ್ತಜ್ಜ ಅದು ಅಂದರೂ ತಪ್ಪಿಲ್ಲ.

ಆದರೆ ಕೈಪಿಡಿ ಯಾರಿಗೆ ಉಪಯೋಗ? ಖರ್ಚು ಕಡಿಮೆ ಮಾಡಲು ಮೊದಲು ಖರ್ಚಿಗೆ ದುಡ್ಡು ಇರಬೇಕು. ಕೋಣೆ ಆರಿಸಲು ಕೋಣೆ ಕೊಡುವವರು ಇರಬೇಕು. ಅಂಬೇಡ್ಕರ್ ಕಥೆ ಶುರುವಾಗುವುದು ಇಲ್ಲಿ.

ಅಂಬೇಡ್ಕರ್ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಅಮೆರಿಕದ ಕೊಲಂಬಿಯಾದಲ್ಲಿ ಓದಿ, 1916ರಲ್ಲಿ ಲಂಡನ್ನಿಗೆ ಬಂದು ಗ್ರೇಸ್ ಇನ್ ಸೇರಿದರು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನಲ್ಲೂ ಹೆಸರು ಬರೆಸಿದರು. ಮರುವರ್ಷವೇ ವಿದ್ಯಾರ್ಥಿವೇತನದ ಅವಧಿ ಮುಗಿಯಿತು. ಓದು ಅರ್ಧಕ್ಕೆ ನಿಂತಿತು. ಕರಾರಿನಂತೆ ಬರೋಡಾದಲ್ಲಿ ನೌಕರಿಗೆ ಹೋದರು.

ಅಲ್ಲಿ ಅವರಿಗೆ ನೌಕರಿ ಇತ್ತು, ಇರಲು ಜಾಗ ಇರಲಿಲ್ಲ. ಹಿಂದೂ ಹೋಟೆಲಿನಲ್ಲಿ ಅಸ್ಪೃಶ್ಯರಿಗೆ ಪ್ರವೇಶವಿಲ್ಲ. ಕೊನೆಗೆ ಪಾರ್ಸಿಗಳ ಒಂದು ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಕೋಣೆ ಹಿಡಿದರು. ದಿನಕ್ಕೆ ಒಂದೂವರೆ ರೂಪಾಯಿ. ಹಾಳು ಬಿದ್ದ ಮಹಡಿ, ಬೇರೆ ಯಾರೂ ಇಲ್ಲ. ಹನ್ನೊಂದನೇ ದಿನ ಬೆಳಗ್ಗೆ ಹತ್ತು ಹನ್ನೆರಡು ಜನ ಪಾರ್ಸಿಗಳು ಕೋಲು ಹಿಡಿದು ಬಂದು ನಿಂತರು. ಸಂಜೆಯೊಳಗೆ ಖಾಲಿ ಮಾಡಬೇಕು ಅಂದರು. ಅಂಬೇಡ್ಕರ್ ಒಬ್ಬ ಹಿಂದೂ ಗೆಳೆಯನನ್ನು ಕೇಳಿದರು, ಒಬ್ಬ ಕ್ರೈಸ್ತ ಗೆಳೆಯನನ್ನು ಕೇಳಿದರು. ಇಬ್ಬರಿಂದಲೂ ಜಾಗ ಸಿಗಲಿಲ್ಲ. ಕಾಮಾಠಿ ಬಾಗ್ ಎಂಬ ತೋಟದಲ್ಲಿ ಗಂಟೆಗಟ್ಟಲೆ ಕೂತಿದ್ದು, ರಾತ್ರಿ ರೈಲು ಹತ್ತಿ ಮುಂಬೈಗೆ ವಾಪಸಾದರು. ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಪುಟ್ಟ ಬರಹದಲ್ಲಿ ಇದನ್ನೆಲ್ಲ ಅವರೇ ಹೇಳಿದ್ದಾರೆ.

ಜೇಬಿನಲ್ಲಿ ದುಡ್ಡಿತ್ತು, ಕೈಯಲ್ಲಿ ಕೊಲಂಬಿಯಾ ಎಂಎ ಇತ್ತು. ಗಾಂಧಿಯ ಕೈಪಿಡಿಯಲ್ಲಿ ಇಂಥ ಹೊತ್ತಿಗೆ ಉತ್ತರ ಇಲ್ಲ.

ಅರ್ಧಕ್ಕೆ ಬಿಟ್ಟ ಕಾನೂನು ಓದಿಗೆ ಅವರು ಹಿಂತಿರುಗಿದ್ದು 1920ರಲ್ಲಿ. ಅಷ್ಟರಲ್ಲಿ ಮುಂಬೈನ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಮಾಡಿ, ಕುಟುಂಬವನ್ನು ಪರೇಲಿನ ಚಾಳಿನಲ್ಲಿ ಇಟ್ಟುಕೊಂಡು ಉಳಿತಾಯ ಮಾಡಿದ್ದರು. ಗೆಳೆಯ ನವಲ್ ಭತೇನಾ ಅವರಿಂದ ಸಾಲ ಪಡೆದಿದ್ದರು. ಲಂಡನ್ನಿನಲ್ಲಿ 1921–22ರಲ್ಲಿ ಇದ್ದ ಮನೆ, 10 ಕಿಂಗ್ ಹೆನ್ರೀಸ್ ರೋಡ್. ಅವರ ಜೀವನಚರಿತ್ರೆ ಬರೆದ ಧನಂಜಯ ಕೀರ್ ಆ ದಿನಗಳನ್ನು ಹೀಗೆ ಬಣ್ಣಿಸುತ್ತಾರೆ: ಮನೆಯೊಡತಿ ಊಟ ಬಡಿಸುವುದರಲ್ಲಿ ಬಹಳ ಜಿಪುಣೆ. ಬೆಳಗ್ಗೆ ಒಂದು ತುಂಡು ಬ್ರೆಡ್ಡು, ಚಹಾ. ಅದಾದ ಮೇಲೆ ಗ್ರಂಥಾಲಯ. ಮಧ್ಯಾಹ್ನದ ಊಟಕ್ಕೆ ದುಡ್ಡೂ ಇಲ್ಲ, ಸಮಯವೂ ಇಲ್ಲ. ನಡುರಾತ್ರಿ ಓದುತ್ತ ಹಸಿವಾದರೆ ಊರಿನವರು ಕೊಟ್ಟಿದ್ದ ಹಪ್ಪಳ.

ಮೇಲಿಂದ ಇನ್ನೊಂದು ಏಟು ಬಿತ್ತು. 1920ರ ಆರಂಭದಲ್ಲಿ ಒಂದು ರೂಪಾಯಿಗೆ ಎರಡು ಶಿಲಿಂಗ್‌ಗೂ ಹೆಚ್ಚು ಬರುತ್ತಿತ್ತು. 1921ರ ಹೊತ್ತಿಗೆ ಅದು ಒಂದೂವರೆ ಶಿಲಿಂಗ್‌ಗಿಂತ ಕೆಳಗಿಳಿದಿತ್ತು. ಮುಂಬೈನಲ್ಲಿ ಕೂಡಿಟ್ಟ ರೂಪಾಯಿ ಲಂಡನ್ನಿನಲ್ಲಿ ಕರಗಿತು. ಕೊಲ್ಹಾಪುರದ ಶಾಹು ಮಹಾರಾಜರಿಗೆ 200 ಪೌಂಡ್ ಸಾಲ ಕೇಳಿ ಪತ್ರ ಬರೆಯಬೇಕಾಯಿತು. ಅದೇ ದಿನಗಳಲ್ಲಿ ಅವರು ಬರೆಯುತ್ತಿದ್ದ ಡಾಕ್ಟರೇಟ್ ಪ್ರಬಂಧದ ವಿಷಯವೂ ರೂಪಾಯಿಯ ಸಮಸ್ಯೆಯೇ! ಆ ವಿಷಯ ಅವರಿಗೆ ಪುಸ್ತಕದಲ್ಲಷ್ಟೇ ಗೊತ್ತಿದ್ದದ್ದಲ್ಲ.

ಜಿಪುಣೆಯಾದರೂ ಆ ಒಡತಿಯ ಮನೆ ಬಾಗಿಲಿಗೆ ಕೋಲು ಹಿಡಿದು ಯಾರೂ ಬರಲಿಲ್ಲ. ಈ ಎರಡು ವಸತಿಗಳನ್ನು, ಬರೋಡಾದ್ದನ್ನೂ ಲಂಡನ್ನಿನದ್ದನ್ನೂ, ಪಕ್ಕಪಕ್ಕ ಇಟ್ಟು ನೋಡಿದಾಗ ಬಾಡಿಗೆ ಅನ್ನುವುದು ಬರೀ ದುಡ್ಡಿನ ವಿಷಯವಲ್ಲ ಎಂದು ನಮಗೆ ಕಾಣುತ್ತದೆ.

ಹಾಗೆ ಹಪ್ಪಳ ತಿಂದು ಓದಿದ ಆ ಮನೆಯನ್ನು 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಸುಮಾರು 30 ಲಕ್ಷ ಪೌಂಡ್ ಕೊಟ್ಟು ಕೊಂಡುಕೊಂಡಿತು, ಈಗ ಸ್ಮಾರಕವಾಗಿದೆ. ಅಲ್ಲಿನ ನಗರಸಭೆ ಮೊದಲು ಅದಕ್ಕೆ ಅನುಮತಿ ಕೊಟ್ಟಿರಲಿಲ್ಲ. ಮನೆಯನ್ನು ಮ್ಯೂಸಿಯಂ ಮಾಡಿದರೆ ಜನ ವಾಸಿಸುವ ಜಾಗ ಕಡಿಮೆಯಾಗುತ್ತದೆ ಎಂಬುದು ಅವರು ಕೊಟ್ಟ ಕಾರಣ. 2020ರಲ್ಲಿ ಮೇಲ್ಮನವಿಯಲ್ಲಿ ಒಪ್ಪಿಗೆ ಸಿಕ್ಕಿತು.

ನಮ್ಮ ಕಡೆ ಇದಕ್ಕೆಲ್ಲ ದಾರಿ ಇರಲಿಲ್ಲವೇ? ಇತ್ತು. ವಾರಾನ್ನ ಇತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆಯ ಊಟ ಹಿಡಿದು ಓದಿ ವಕೀಲರು, ಮಾಸ್ತರುಗಳು ಆದವರು ಬಹಳ ಮಂದಿ. ಮಠಗಳ ಪ್ರಸಾದ ನಿಲಯಗಳಿದ್ದವು. ಒಂದೊಂದೇ ಸಮುದಾಯದವರು ತಮ್ಮ ಮಕ್ಕಳಿಗೆ ಪೇಟೆಯಲ್ಲಿ ಬೋರ್ಡಿಂಗ್ ಕಟ್ಟಿಸಿದರು. ಎಷ್ಟೋ ಹಳ್ಳಿ ಮಕ್ಕಳು ಇವುಗಳಿಂದ ಓದಿದರು, ಅದನ್ನು ಸಣ್ಣದು ಮಾಡುವುದು ಬೇಡ. ಆದರೆ ವಾರಾನ್ನದ ಬಾಗಿಲು ತೆರೆಯುತ್ತಿದ್ದುದು ಜಾತಿ ಕೇಳಿಯೇ.

ಅಂಬೇಡ್ಕರ್ ತಾವು ಪಟ್ಟದ್ದಕ್ಕೆ ಕೈಪಿಡಿ ಬರೆಯಲಿಲ್ಲ, ಹಾಸ್ಟೆಲ್ ಕಟ್ಟಿದರು. 1928ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿ ಸ್ಥಾಪಿಸಿದರು. ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಧಾರವಾಡದಲ್ಲೂ ಅದರ ಒಂದು ಹಾಸ್ಟೆಲ್ ಶುರುವಾಯಿತು. ಸರ್ಕಾರದ ಅನುದಾನ ಸಾಲುತ್ತಿರಲಿಲ್ಲ, ದಾನಿಗಳ ಹತ್ತಿರ ಕೈಚಾಚಬೇಕಿತ್ತು. ಕೊಪ್ಪದಕೇರಿಯ ಬುದ್ಧರಕ್ಕಿತ ವಸತಿ ಶಾಲೆಯ ಹೆಸರು ಕೇಳಿದವರಿಗೆ ಅದರ ಬೇರು ಆ ಕಾಲದ್ದೆಂದು ಗೊತ್ತಿರಬಹುದು. ಅದು ಕಾನೂನು ವಿದ್ಯಾರ್ಥಿಗಳ ಹಾಸ್ಟೆಲ್ ಅಲ್ಲ, ಹೈಸ್ಕೂಲು ಮಕ್ಕಳದ್ದು. ಹೈಸ್ಕೂಲು ದಾಟದೆ ಲಾ ಕಾಲೇಜಿನ ಗೇಟು ಕಾಣುವುದಾದರೂ ಹೇಗೆ?

ಇನ್ನು ಇವತ್ತಿಗೆ ಬರೋಣ. ಈಗ ಲಾ ಓದಲು ಲಂಡನ್ನಿಗೆ ಹೋಗಬೇಕಿಲ್ಲ. ಜಿಲ್ಲಾ ಕೇಂದ್ರಗಳಲ್ಲೇ ಲಾ ಕಾಲೇಜುಗಳಿವೆ, 2009ರಿಂದ ಹುಬ್ಬಳ್ಳಿಯಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯವೇ ಇದೆ. ಆದರೂ ಹೈಕೋರ್ಟಿನ ಹತ್ತಿರ ಇರಬೇಕು, ಹಿರಿಯ ವಕೀಲರ ಆಫೀಸಿನಲ್ಲಿ ಇಂಟರ್ನ್‌ಶಿಪ್ ಮಾಡಬೇಕು ಎಂದು ಬೆಂಗಳೂರಿಗೆ ಹೋಗುವವರು ಹೋಗುತ್ತಾರೆ. 72 ಊಟದ ಜಾಗದಲ್ಲಿ ಈಗ ಇಂಟರ್ನ್‌ಶಿಪ್ ಬಂದಿದೆ ಅಷ್ಟೇ. ಮನೆ ಹುಡುಕುವಾಗ ಅಡ್ವಾನ್ಸ್ ಎಷ್ಟು ಅನ್ನುವುದಕ್ಕೂ ಮೊದಲು ‘ನೀವು ಯಾವ ಜನ?’, ‘ವೆಜ್ಜಾ?’ ಅನ್ನುವ ಮಾತು ಬರುವುದು ಈಗಲೂ ಇದೆ. ಸುತ್ತಿಬಳಸಿ ಕೇಳುತ್ತಾರೆ, ಕೋಲು ಹಿಡಿಯುವುದಿಲ್ಲ.

ಮೆಟ್ರಿಕ್ ನಂತರದ ಸರ್ಕಾರಿ ಹಾಸ್ಟೆಲ್‌ಗಳಿಗೆ ಲಾ ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು, ಸೀಟಿಗಿಂತ ಅರ್ಜಿಯೇ ಹೆಚ್ಚು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗಾಗಿ 2013–14ರಲ್ಲಿ ವಿದ್ಯಾಸಿರಿ ಬಂತು. ಊಟ ವಸತಿ ಎರಡಕ್ಕೂ ಸೇರಿ ಆಗ ಗೊತ್ತು ಮಾಡಿದ್ದು ತಿಂಗಳಿಗೆ 1500 ರೂಪಾಯಿ. ಬೆಂಗಳೂರಿನಲ್ಲಿ ಮೂವರು ಹಂಚಿಕೊಳ್ಳುವ ಪಿಜಿಯ ಒಂದು ಹಾಸಿಗೆಗೂ ಅದು ಸಾಲದು. ಅದೂ ವರ್ಷದಲ್ಲಿ ಹತ್ತು ತಿಂಗಳು ಮಾತ್ರ. ಪಿಜಿ ಮಾಲೀಕರ ಕ್ಯಾಲೆಂಡರಿನಲ್ಲಿ ಹನ್ನೆರಡು ತಿಂಗಳಿವೆ.